ಗಾದೆಯಿಂದ ಮಳೆಮಾಪಕದವರೆಗೆ: ಶಾಸ್ತ್ರದ ಸಾಲೊಂದನ್ನು ವಿಜ್ಞಾನದ ಪ್ರಶ್ನೆಯಾಗಿಸುವ ಬಗೆ

ಜೂನ್ ತಿಂಗಳ ಮೂರನೆಯ ವಾರ ಕಳೆಯುತ್ತಿದ್ದಂತೆ ತೀರ್ಥಹಳ್ಳಿ ಸೀಮೆಯ ಜಗಲಿಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ಆರಿದ್ರಾ ಮಳೆ ಆರದೆ ಹುಯ್ಯುತ್ತದೆ. ಹಿರಿಯರ ಮಾತೆಂದು ತಲೆದೂಗುವವರೂ ಇದ್ದಾರೆ, ಪಂಚಾಂಗದ ಮಾತೆಂದು ತಳ್ಳಿಹಾಕುವವರೂ ಇದ್ದಾರೆ. ಆದರೆ ಅಂಗಳದಲ್ಲಿ ಒಂದು ಮಾಪಕವನ್ನಿಟ್ಟು, ಆರಿದ್ರಾ ನಕ್ಷತ್ರದ ಆ ಹದಿಮೂರು ಹದಿನಾಲ್ಕು ದಿನ ಮಳೆ ನಿಜವಾಗಿಯೂ ಆರದೆ ಸುರಿಯಿತೇ ಎಂದು ಅಳೆದು ಬರೆದಿಟ್ಟವರನ್ನು ನಾನು ಕಂಡದ್ದು ಬಹಳ ಕಡಿಮೆ. ಮನೆಯಲ್ಲಿ ಹಳೆಯ ಪುಸ್ತಕಗಳಿರುವ, ಹೇಳುವ ಹಿರಿಯರಿರುವ, ಕೇಳುವ ಕುತೂಹಲವಿರುವ ವಿದ್ಯಾರ್ಥಿಗಳು ಮತ್ತು ಶಿಕ್ಷಕರು ಆ ಅಳತೆಯ ಕೆಲಸವನ್ನು ಹೇಗೆ ಕೈಗೆತ್ತಿಕೊಳ್ಳಬಹುದು ಎಂಬುದನ್ನು ವಿವರಿಸುವುದಕ್ಕಾಗಿ ಈ ಬರಹ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ವೇದ, ವಚನ, ಗಾದೆ, ಸ್ಥಳಪುರಾಣ, ಕನಸು, ಇವುಗಳಲ್ಲಿ ಯಾವುದರಿಂದಲಾದರೂ ಪ್ರಶ್ನೆಯನ್ನು ಪಡೆಯಬಹುದು. ಉತ್ತರವನ್ನು ಮಾತ್ರ ಅಲ್ಲಿಂದ ಪಡೆಯುವಂತಿಲ್ಲ. ಪ್ರಶ್ನೆಯ ಹುಟ್ಟೂರು ಯಾವುದಾದರೂ ಆಗಿರಲಿ, ಉತ್ತರ ಹುಟ್ಟಬೇಕಾದದ್ದು ನೋಡಿ, ಅಳೆದು, ಎಣಿಸಿದ ಮೇಲೆ.

ಒಂದೇ ಸಾಲಿನ ಮುಂದೆ ನಿಲ್ಲುವುದು

ಹಳೆಯ ಗ್ರಂಥದ ಒಂದು ವಾಕ್ಯ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಚೀನಾದ ತು ಯೂಯೂ ಅವರ ಕೆಲಸಕ್ಕಿಂತ ಉತ್ತಮವಾದ ಉದಾಹರಣೆ ನನಗೆ ತಿಳಿದಿಲ್ಲ. 1967ರಲ್ಲಿ ಆರಂಭವಾದ ಮಲೇರಿಯಾ ಔಷಧಿಯ ಶೋಧದಲ್ಲಿ ಅವರು 1969ರಲ್ಲಿ ಸೇರಿಕೊಂಡು, ಹಳೆಯ ವೈದ್ಯಗ್ರಂಥಗಳಿಂದಲೂ ನಾಟಿ ವೈದ್ಯರಿಂದಲೂ 2,000ಕ್ಕೂ ಹೆಚ್ಚು ಔಷಧಿಗಳ ವಿವರಗಳನ್ನು ಕಲೆಹಾಕಿದರು. ಅವುಗಳಲ್ಲಿ ಚಿಂಗ್‌ಹಾವೋ ಎಂಬ ಗಿಡದ ಸಾರ ಒಮ್ಮೆ ಫಲ ಕೊಟ್ಟು ಮತ್ತೊಮ್ಮೆ ಕೊಡದೆ ಅವರನ್ನು ಕಾಡಿತು. ಆಗ ಅವರು ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬಾತ ಬರೆದ ತುರ್ತು ಚಿಕಿತ್ಸೆಯ ಕೈಪಿಡಿಯನ್ನು ಮತ್ತೆ ಓದಿದರು. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸವನ್ನು ಪೂರ್ತಿ ಕುಡಿಯಬೇಕೆಂದು ಅಲ್ಲಿ ಬರೆದಿತ್ತು. ಕುದಿಸಬೇಕೆಂದು ಇರಲಿಲ್ಲ. ಹಾಗಾದರೆ ಬಿಸಿಯೇ ಔಷಧದ ಗುಣವನ್ನು ಕೆಡಿಸುತ್ತಿರಬಹುದೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಈಥರ್ ಬಳಸಿ ಅವರು ಸಾರವನ್ನು ತೆಗೆದರು. 1971ರ ಅಕ್ಟೋಬರ್‌ನಲ್ಲಿ ಸಿದ್ಧವಾದ 191ನೆಯ ಮಾದರಿ ಮಲೇರಿಯಾ ಸೋಂಕಿದ ಇಲಿಗಳಲ್ಲಿ ಪೂರ್ಣ ಫಲ ನೀಡಿತು. ಮುಂದೆ ಆರ್ಟಿಮಿಸಿನಿನ್ ಎಂದು ಹೆಸರಾದ ಆ ಔಷಧಿಗಾಗಿ 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಇಲ್ಲಿ ಗಮನಿಸಬೇಕಾದದ್ದು ಓದಿದ ರೀತಿಯನ್ನು. ಅವರು ಗ್ರಂಥದಲ್ಲಿ ಏನಿದೆ ಎಂಬುದರ ಜೊತೆಗೆ ಏನಿಲ್ಲ ಎಂಬುದನ್ನೂ ಓದಿದರು. ನೀವೂ ಹೀಗೆಯೇ ಆರಂಭಿಸಿ. ಸಾಲನ್ನು ಇದ್ದ ಹಾಗೆಯೇ, ಅರ್ಥ ವಿವರಿಸದೆ, ಒಂದು ಪುಟದ ಮೇಲ್ಭಾಗದಲ್ಲಿ ಬರೆದುಕೊಳ್ಳಿ. ಅದರ ಕ್ರಿಯಾಪದಗಳಿಗೆ ಅಡಿಗೆರೆ ಎಳೆಯಿರಿ: ನೆನೆಸು, ಹಿಂಡು, ಕುದಿಸು, ಬಾಡಿಸು, ಅರೆ. ನಮ್ಮ ಮಲೆನಾಡಿನ ಅಡುಗೆಮನೆಗೇ ಈ ಕ್ರಮವನ್ನು ಹೊಂದಿಸಿ ನೋಡಬಹುದು. ತಂಬುಳಿಗೆ ಒಂದೆಲಗವನ್ನು ಹಸಿಯಾಗಿಯೇ ರುಬ್ಬುವವರು ಬೇರೆ ಕೆಲವು ಕುಡಿಗಳನ್ನು ತುಪ್ಪದಲ್ಲಿ ಬಾಡಿಸಿದ ಮೇಲೆಯೇ ರುಬ್ಬುತ್ತಾರೆ. ಶುಂಠಿ ಮೆಣಸುಗಳನ್ನು ಕಷಾಯಕ್ಕೆ ಕುದಿಸಿಯೇ ತೀರುತ್ತಾರೆ. ಈ ವ್ಯತ್ಯಾಸ ರುಚಿಗಾಗಿಯೋ, ವಾಸನೆಗಾಗಿಯೋ, ಒಗರನ್ನು ತೆಗೆಯುವುದಕ್ಕೋ ಎಂದು ಕೇಳಿದ ಕೂಡಲೇ ಪ್ರಯೋಗದ ಬಾಗಿಲು ತೆರೆಯುತ್ತದೆ: ಒಂದೇ ಸೊಪ್ಪನ್ನು ಎರಡು ಬಗೆಯಲ್ಲಿ ಸಿದ್ಧಪಡಿಸಿ, ಯಾವುದು ಯಾವುದೆಂದು ಹೇಳದೆ ಮನೆಯವರಿಗೆ ಬಡಿಸಿ ನೋಡಬಹುದು.

ಈ ಪ್ರಯೋಗ ನಿತ್ಯ ತಿನ್ನುವ ಪದಾರ್ಥಗಳಿಗೆ ಮಾತ್ರ ಮೀಸಲಾಗಿರಲಿ. ಔಷಧಿಯೆಂದು ಹೆಸರಾದ ಗಿಡಗಳನ್ನು ತಾವಾಗಿ ಸೇವಿಸಿ ಪರೀಕ್ಷಿಸಬಾರದೆಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ನಮ್ಮ ಕಾಡಿನ ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ರಾಸಾಯನಿಕವನ್ನು ಬೇರ್ಪಡಿಸಲಾಯಿತು. ಅದು ರಕ್ತದೊತ್ತಡವನ್ನು ನಿಜವಾಗಿಯೂ ಇಳಿಸುತ್ತದೆ, ಹಾಗಾಗಿಯೇ ಪ್ರಮಾಣ ತಪ್ಪಿದರೆ ಅಪಾಯವನ್ನೂ ತರುತ್ತದೆ.

ಎಂಥ ಸಾಲನ್ನು ಆರಿಸಿಕೊಳ್ಳಬೇಕು

ಎಲ್ಲ ಸಾಲುಗಳೂ ಈ ಕೆಲಸಕ್ಕೆ ಒದಗುವುದಿಲ್ಲ. ಭಕ್ತಿಯನ್ನು, ಮೋಕ್ಷವನ್ನು, ನಡತೆಯನ್ನು ಕುರಿತ ಮಾತುಗಳು ಅಳತೆಗೋಲಿನ ಆಚೆಗಿರುವಂಥವು. ಅವುಗಳನ್ನು ಪ್ರಯೋಗಶಾಲೆಗೆ ಎಳೆಯುವುದು ಆ ಮಾತುಗಳಿಗೂ ಪ್ರಯೋಗಕ್ಕೂ ಮಾಡುವ ಅನ್ಯಾಯ. ಕಣ್ಣಿಗೆ ಕಾಣುವ ವಸ್ತು, ಕಾಲ, ಸ್ಥಳ, ಪ್ರಮಾಣ, ಬದಲಾವಣೆ, ಇವುಗಳಲ್ಲಿ ಒಂದಾದರೂ ಇರುವ ಸಾಲನ್ನು ಹುಡುಕಿ. ಅಂಥ ಸಾಲು ಭಕ್ತಿಯ ಮಾತಿನ ನಡುವೆಯೂ ಸಿಗುತ್ತದೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ತನ್ನ ಒಂದು ವಚನದಲ್ಲಿ ಹಣ್ಣಿನೊಳಗೆ ಮರೆಯಾಗಿರುವ ರುಚಿಯನ್ನೂ, ಶಿಲೆಯೊಳಗೆ ಮರೆಯಾಗಿರುವ ಚಿನ್ನವನ್ನೂ, ಎಳ್ಳಿನೊಳಗೆ ಮರೆಯಾಗಿರುವ ಎಣ್ಣೆಯನ್ನೂ ಹೇಳಿ, ದೇವರು ಭಾವದಲ್ಲಿ ಹಾಗೆ ಮರೆಯಾಗಿರುತ್ತಾನೆಂದು ಮುಗಿಸುತ್ತಾಳೆ. ಆ ಕೊನೆಯ ಮಾತು ಆಕೆಯದು, ಅದನ್ನು ಅಲ್ಲಿಯೇ ಬಿಡೋಣ. ಆದರೆ ಎಳ್ಳಿನೊಳಗೆ ಎಣ್ಣೆ ಯಾವಾಗ ಬಂದು ಸೇರುತ್ತದೆ ಎಂಬ ಪ್ರಶ್ನೆಯನ್ನು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕೇಳಬಹುದು, ಉತ್ತರವನ್ನೂ ಪಡೆಯಬಹುದು.

ಎಳ್ಳಿನ ಗಿಡದಲ್ಲಿ ಕಾಯಿಗಳು ಕೆಳಗಿನಿಂದ ಮೇಲಕ್ಕೆ ಬಲಿಯುತ್ತ ಹೋಗುವುದರಿಂದ ಒಂದೇ ಗಿಡದಲ್ಲಿ ಬೇರೆ ಬೇರೆ ವಯಸ್ಸಿನ ಬೀಜಗಳು ದೊರೆಯುತ್ತವೆ. ಪ್ರತಿ ಹಂತದಿಂದ ಹತ್ತು ಹತ್ತು ಬೀಜಗಳನ್ನು ತೆಗೆದು ಬಿಳಿಯ ಕಾಗದದ ಮೇಲೆ ಚಮಚದ ಬೆನ್ನಿನಿಂದ ಅರೆದು, ಕಾಗದವನ್ನು ಒಂದು ದಿನ ಒಣಗಲು ಬಿಡಿ. ನೀರಿನ ಕಲೆ ಆರಿಹೋಗುತ್ತದೆ. ಎಣ್ಣೆಯ ಕಲೆ ಉಳಿದು, ಬೆಳಕಿಗೆ ಹಿಡಿದಾಗ ಅರೆಪಾರದರ್ಶಕವಾಗಿ ಕಾಣುತ್ತದೆ. ಕಲೆಯ ಅಗಲವನ್ನು ಚೌಕುಳಿ ಹಾಳೆಯ ಮೇಲಿಟ್ಟು ಎಣಿಸಿದರೆ ಎಣ್ಣೆ ಯಾವ ಹಂತದಲ್ಲಿ ಕಾಣಿಸಿಕೊಂಡು ಹೇಗೆ ಹೆಚ್ಚುತ್ತದೆ ಎಂಬುದರ ಒರಟು ಚಿತ್ರ ಸಿಗುತ್ತದೆ.

ಗ್ರಂಥವೇ ಬೇಕೆಂದೂ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿದ್ದುದೂ, ಅದೇ ಕಾಲದಲ್ಲಿ ಜನರಿಗೆ ಜ್ವರ ಬರುತ್ತಿದ್ದುದೂ ಒಟ್ಟಿಗೆ ಗಮನಕ್ಕೆ ಬಂದದ್ದರಿಂದಲೇ ಉಣುಗಿನಿಂದ ಹರಡುವ ಹೊಸ ವೈರಸ್ಸೊಂದು ಪತ್ತೆಯಾಯಿತು. ಜನ ಇಂದಿಗೂ ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಆ ಹೆಸರಿನಲ್ಲಿಯೇ ಆ ಮೊದಲ ಗಮನಿಕೆ ಉಳಿದುಕೊಂಡಿದೆ.

ಛಂದಸ್ಸಿನಲ್ಲಿ ಅಡಗಿದ ಲೆಕ್ಕ

ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿರುವ ಮತ್ತೂರು ಮತ್ತು ಹೊಸಹಳ್ಳಿಗಳಲ್ಲಿ ಒಂದು ಸಂಸ್ಕೃತಕ್ಕೂ ಇನ್ನೊಂದು ಗಮಕಕ್ಕೂ ಹೆಸರಾಗಿವೆ. ಕಾವ್ಯವಾಚನವನ್ನು ಕೇಳಲು ಹೋಗುವಾಗ ಒಂದು ಪೆನ್ಸಿಲನ್ನೂ ಒಯ್ಯಿರಿ, ಏಕೆಂದರೆ ಛಂದಸ್ಸು ವೇದಾಂಗಗಳಲ್ಲಿ ಒಂದಾಗಿದ್ದು, ಅದನ್ನು ಕ್ರಮಬದ್ಧವಾಗಿ ಎಣಿಸಲು ಹೊರಟವರು ಗಣಿತದ ಒಳ್ಳೆಯ ಫಲಗಳನ್ನು ಕೈಗೆ ತಂದುಕೊಟ್ಟಿದ್ದಾರೆ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ನಾಲ್ಕು ಮಾತ್ರೆಗಳ ಗಣ ಎಷ್ಟು ಬಗೆಯಲ್ಲಿ ಬರಬಹುದು? ಎರಡು ಗುರು, ಗುರುವಿನ ಮೇಲೆ ಎರಡು ಲಘು, ಎರಡು ಲಘುಗಳ ನಡುವೆ ಒಂದು ಗುರು, ಎರಡು ಲಘುಗಳ ಮೇಲೆ ಗುರು, ನಾಲ್ಕೂ ಲಘು. ಒಟ್ಟು ಐದು. ಮೂರು ಮಾತ್ರೆಗೆ ಇದೇ ರೀತಿ ಬರೆದರೆ ಮೂರು, ಐದು ಮಾತ್ರೆಗೆ ಎಂಟು, ಆರಕ್ಕೆ ಹದಿಮೂರು. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿಸಬೇಡಿ. ಮಕ್ಕಳೇ ಬರೆದು ಕಂಡುಕೊಳ್ಳಲಿ, ಆಮೇಲೆ ಕಾರಣವನ್ನು ಕೇಳಿ. ಗಣದ ಕೊನೆಯ ಅಕ್ಷರ ಲಘುವಾಗಿದ್ದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆಯ ಗಣವಿರಬೇಕು, ಗುರುವಾಗಿದ್ದರೆ ಎರಡು ಮಾತ್ರೆ ಕಡಿಮೆಯದು. ಹಾಗಾಗಿ ಪ್ರತಿ ಸಂಖ್ಯೆಯೂ ಅದರ ಹಿಂದಿನ ಎರಡು ಸಂಖ್ಯೆಗಳ ಮೊತ್ತ. ಹೇಮಚಂದ್ರ 12ನೆಯ ಶತಮಾನದಲ್ಲಿ ಇದನ್ನು ಬರೆದಿದ್ದಾನೆ, ಆತನಿಗಿಂತ ಮೊದಲೇ ವಿರಹಾಂಕ ಹೇಳಿದ್ದಾನೆ. ಇಟಲಿಯ ಫಿಬೊನಾಚಿಯ ಗ್ರಂಥ ಬಂದದ್ದು 1202ರಲ್ಲಿ.

ಇಲ್ಲಿಗೇ ನಿಂತು ಹೆಮ್ಮೆಪಟ್ಟು ಮನೆಗೆ ಬಂದರೆ ಅರ್ಧ ಕೆಲಸವಷ್ಟೇ ಆದಂತೆ. ಲೆಕ್ಕ ಹೇಳುವುದು ಯಾವುದು ಸಾಧ್ಯ ಎಂಬುದನ್ನು. ಕವಿ ಯಾವುದನ್ನು ಬಳಸುತ್ತಾನೆ ಎಂಬುದನ್ನು ಎಣಿಸಿಯೇ ತಿಳಿಯಬೇಕು. ಭಾಮಿನಿ ಷಟ್ಪದಿಯ ನೂರು ಸಾಲುಗಳನ್ನು ತೆಗೆದುಕೊಂಡು, ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳಾಗಿ ಬಿಡಿಸಿ, ಮೂರರ ಮೂರು ಬಗೆ ಮತ್ತು ನಾಲ್ಕರ ಐದು ಬಗೆಗಳಲ್ಲಿ ಯಾವುದು ಎಷ್ಟು ಸಲ ಬರುತ್ತದೆ ಎಂದು ಪಟ್ಟಿ ಹಾಕಿ. ಮೊದಲ ಅಕ್ಷರ ಲಘುವಾಗಿ ಎರಡನೆಯದು ಗುರುವಾಗಿರುವ ಗಣಗಳ ಮನೆ ಬಹುಮಟ್ಟಿಗೆ ಖಾಲಿ ಉಳಿಯುತ್ತದೆ. ಛಂದಶ್ಶಾಸ್ತ್ರದಲ್ಲಿ ಇದಕ್ಕೆ ನಿಯಮವಿದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಬೇಡಿ. ತಾವೇ ಹಾಕಿದ ಪಟ್ಟಿಯಲ್ಲಿ ಖಾಲಿ ಮನೆಯನ್ನು ಕಂಡು, ಇಲ್ಲಿ ಏನೋ ಕಾರಣವಿದೆ ಎಂದು ತಲೆಯೆತ್ತುವ ಮಗುವಿನ ಮುಖವನ್ನು ನೋಡುವುದು ಶಿಕ್ಷಕರಿಗೆ ದೊರೆಯುವ ದೊಡ್ಡ ಸಂತೋಷಗಳಲ್ಲಿ ಒಂದು.

ಆರಿದ್ರಾ ಮಳೆಯನ್ನು ಅಳೆಯುವುದು

ಇನ್ನು ಆರಂಭದ ಗಾದೆಗೆ ಬರುತ್ತೇನೆ. ಮಳೆ ನಕ್ಷತ್ರವೆಂದರೆ ಸೂರ್ಯನು ಆ ನಕ್ಷತ್ರದ ಭಾಗದಲ್ಲಿರುವ ಅವಧಿ. ವರ್ಷವನ್ನು 27 ಭಾಗ ಮಾಡಿದರೆ ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಈಗಿನ ಕಾಲದಲ್ಲಿ ಆರಿದ್ರಾ ಜೂನ್ 21 ಅಥವಾ 22ರ ಸುಮಾರಿಗೆ ಹುಟ್ಟಿ ಜುಲೈ ಮೊದಲ ವಾರದಲ್ಲಿ ಮುಗಿಯುತ್ತದೆ.

ಮೊದಲ ಕೆಲಸ, ‘ಆರದೆ’ ಎಂಬ ಪದಕ್ಕೆ ಅಳೆಯಬಹುದಾದ ಅರ್ಥವನ್ನು ಕೊಡುವುದು. ಬಿದ್ದ ಮಳೆಯ ಒಟ್ಟು ಮೊತ್ತವೇ, ಮಳೆ ಬಿದ್ದ ದಿನಗಳ ಸಂಖ್ಯೆಯೇ, ಅಥವಾ ನಡುವೆ ಬಿಟ್ಟ ಬಿಡುವಿನ ಉದ್ದವೇ? ಈ ಮೂರೂ ಬೇರೆ ಬೇರೆ. ನನ್ನ ಅಭಿಪ್ರಾಯದಲ್ಲಿ ಗಾದೆಯ ಮಾತಿಗೆ ಹೆಚ್ಚು ಹತ್ತಿರವಾದದ್ದು ಮೂರನೆಯದು. ಹವಾಮಾನ ಇಲಾಖೆಯ ಪ್ರಕಾರ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವೇ ಮಳೆಯ ದಿನ. ಆ ಅಳತೆಯನ್ನೇ ಇಟ್ಟುಕೊಂಡು, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಗಳಲ್ಲಿ ಒಂದೊಂದರಲ್ಲೂ ಮಳೆಯಿಲ್ಲದೆ ಸತತವಾಗಿ ಕಳೆದ ಅತಿ ಹೆಚ್ಚು ದಿನಗಳನ್ನು ಎಣಿಸಬಹುದು. ಗಾದೆ ನಿಜವಾಗಿದ್ದರೆ ಆರಿದ್ರಾದ ಬಿಡುವು ಉಳಿದ ನಾಲ್ಕರದ್ದಕ್ಕಿಂತ ಚಿಕ್ಕದಾಗಿರಬೇಕು. ಈ ವಾಕ್ಯವನ್ನು ದಿನಾಂಕ ಹಾಕಿ, ಅಂಕಿಗಳನ್ನು ನೋಡುವ ಮೊದಲೇ, ಪುಸ್ತಕದಲ್ಲಿ ಬರೆದು ಸಹಿ ಮಾಡಿ. ಉತ್ತರ ಕಂಡ ಮೇಲೆ ಪ್ರಶ್ನೆಯನ್ನು ತಿದ್ದುವ ಆಸೆ ಎಲ್ಲರಲ್ಲೂ ಹುಟ್ಟುತ್ತದೆ, ಪ್ರಾಮಾಣಿಕರಲ್ಲೂ ಹುಟ್ಟುತ್ತದೆ. ಆ ಸಹಿಯೇ ಅದಕ್ಕೆ ಕಟ್ಟುವ ಬೇಲಿ.

ಮಾಪಕಕ್ಕೆ ನೇರವಾದ ಗೋಡೆಯುಳ್ಳ, ಚಪ್ಪಟೆ ತಳದ ಪಾತ್ರೆ ಸಾಕು, ಆದರೆ ಅದನ್ನು ಮರದಿಂದಲೂ ಮಾಡಿನ ಅಂಚಿನಿಂದಲೂ ದೂರವಾಗಿ ಬಯಲಿನಲ್ಲಿ ಇಡಬೇಕು. ಆಗುಂಬೆ, ಹುಲಿಕಲ್ ಕಡೆಯವರು ದೊಡ್ಡ ಪಾತ್ರೆಯನ್ನೇ ಇಡಬೇಕು, ಏಕೆಂದರೆ ಸಣ್ಣದು ಒಂದೇ ರಾತ್ರಿಯಲ್ಲಿ ತುಂಬಿ ಹರಿದು ಲೆಕ್ಕವನ್ನೇ ಕೆಡಿಸುತ್ತದೆ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ನೀರಿನ ಎತ್ತರವನ್ನು ಅಳೆದು ಚೆಲ್ಲಬೇಕು. ಹವಾಮಾನ ಇಲಾಖೆಯೂ ಅದೇ ಹೊತ್ತಿಗೆ ಓದುವುದರಿಂದ ನಿಮ್ಮ ಅಂಕಿಗಳನ್ನು ಅವರ ಅಂಕಿಗಳ ಪಕ್ಕದಲ್ಲಿಟ್ಟು ನೋಡಬಹುದು.

ಒಂದು ವರ್ಷದ ಅಂಕಿಗಳಿಂದ ಏನನ್ನೂ ಹೇಳಲಾಗುವುದಿಲ್ಲ. ಹತ್ತು ವರ್ಷ ಕಾಯುವ ಬದಲು ಹಳೆಯ ಡೈರಿಗಳನ್ನು ಹುಡುಕಿ. ಕಾಫಿ ತೋಟದವರು ಇಂಚು ಮತ್ತು ಸೆಂಟುಗಳಲ್ಲಿ ಮಳೆಯನ್ನು ಬರೆದಿಟ್ಟಿರುತ್ತಾರೆ, ಕೆಲವು ಅಡಿಕೆ ತೋಟದ ಮನೆಗಳಲ್ಲೂ ಅಂಥ ಪುಸ್ತಕಗಳಿವೆ. ಒಂದು ಇಂಚಿಗೆ 25.4 ಮಿಲಿಮೀಟರ್, ಇಂಚಿನ ನೂರರಲ್ಲಿ ಒಂದು ಭಾಗವೇ ಸೆಂಟು. ನಮ್ಮ ಅಜ್ಜ ಬರೆದಿಟ್ಟ ಪುಸ್ತಕವನ್ನು ನಾನು ಹೀಗೆ ಬಿಡಿಸಿದಾಗ ಮೊದಲು ಎಡವಿದ್ದು ಖಾಲಿ ದಿನಗಳಲ್ಲಿ. ಅಜ್ಜ ಏನೂ ಬರೆಯದ ದಿನವನ್ನೆಲ್ಲ ನಾನು ಮಳೆಯಿಲ್ಲದ ದಿನವೆಂದು ಎಣಿಸಿದ್ದೆ. ಆಮೇಲೆ ನೋಡಿದರೆ ಮದುವೆ, ತಿಥಿ, ಊರಿಗೆ ಹೋದ ದಿನಗಳೆಲ್ಲ ಖಾಲಿಯಾಗಿದ್ದವು. ಬರೆಯದಿರುವುದೂ ಸೊನ್ನೆಯೂ ಒಂದೇ ಅಲ್ಲ. ಅಂಥ ದಿನಗಳನ್ನು ಬೇರೆ ಗುರುತು ಹಾಕಿ ಲೆಕ್ಕದಿಂದ ಹೊರಗಿಟ್ಟು, ಇಡೀ ಕೋಷ್ಟಕವನ್ನು ಮತ್ತೆ ಮಾಡಬೇಕಾಯಿತು.

ಗಾದೆ ನಿಮ್ಮ ಊರಿನಲ್ಲಿ ನಿಲ್ಲದೇ ಹೋಗಬಹುದು, ಅದರಿಂದ ಎದೆಗುಂದಬೇಕಾಗಿಲ್ಲ. ಜರ್ಮನಿಯ ಕೆಪ್ಲರ್ ದೇವರು ವಿಶ್ವವನ್ನು ರೇಖಾಗಣಿತದ ಸೌಂದರ್ಯದಿಂದ ಕಟ್ಟಿದ್ದಾನೆಂಬ ದೃಢವಾದ ನಂಬಿಕೆಯಿಂದಲೇ ಗ್ರಹಗಳ ಲೆಕ್ಕಕ್ಕೆ ಇಳಿದವನು. ಮಂಗಳನ ಪಥವನ್ನು ವೃತ್ತಗಳಿಂದ ಕಟ್ಟಿದ ಅವನ ಲೆಕ್ಕಕ್ಕೂ ಟೈಕೊ ಬ್ರಾಹೆಯ ವೀಕ್ಷಣೆಗೂ ಎಂಟು ಕಲೆಗಳಷ್ಟು, ಅಂದರೆ ಒಂದು ಡಿಗ್ರಿಯ ಏಳರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ, ವ್ಯತ್ಯಾಸ ಬಂತು. ಅಷ್ಟನ್ನು ಕಡೆಗಣಿಸದೆ ಅವನು ವರ್ಷಗಳ ದುಡಿಮೆಯನ್ನು ಬದಿಗಿಟ್ಟ. 1609ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪಥ ದೀರ್ಘವೃತ್ತವಾಗಿತ್ತು. ಅವನನ್ನು ಲೆಕ್ಕಕ್ಕೆ ಹಚ್ಚಿದ್ದು ನಂಬಿಕೆ, ಲೆಕ್ಕವನ್ನು ತಿದ್ದಿದ್ದು ಎಂಟು ಕಲೆ.

ಗಾದೆ ತಪ್ಪಿದರೆ ಮುಂದಿನ ಪ್ರಶ್ನೆ ಇನ್ನೂ ಸ್ವಾರಸ್ಯಕರವಾದದ್ದು. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಉದ್ದ. ಸುಮಾರು 71 ವರ್ಷಗಳಿಗೆ ಒಂದು ದಿನದಂತೆ ಮಳೆ ನಕ್ಷತ್ರಗಳು ಋತುವಿನಲ್ಲಿ ಮುಂದಕ್ಕೆ ಸರಿಯುತ್ತಿವೆ. ಐನೂರು ವರ್ಷ ಹಳೆಯ ಗಾದೆಯೊಂದಿದ್ದರೆ, ಅದು ಹುಟ್ಟಿದಾಗ ಆರಿದ್ರಾ ಈಗಿಗಿಂತ ಏಳು ದಿನ ಮೊದಲೇ ಬರುತ್ತಿತ್ತು. ಹಾಗಾದರೆ ನಿಮ್ಮ ಹದಿಮೂರು ದಿನಗಳ ಚೌಕಟ್ಟನ್ನು ಒಂದು ವಾರ ಹಿಂದಕ್ಕೆ ಸರಿಸಿದಾಗ ಗಾದೆ ಹೆಚ್ಚು ಹೊಂದುತ್ತದೆಯೇ? ಇದನ್ನು ಹೊಸ ಪುಟದಲ್ಲಿ, ಹೊಸ ಸಹಿಯೊಂದಿಗೆ ಆರಂಭಿಸಬೇಕು. ಹಳೆಯ ಪುಟದ ಸೋಲನ್ನು ಅಳಿಸಬಾರದು.

ಹಿಮ್ಮುಖವಾಗಿ ಓದದಿರುವುದು

ಈ ದಾರಿಯಲ್ಲಿ ಒಂದು ದೊಡ್ಡ ಜಾರುಬಂಡೆಯಿದೆ. ವಿಜಯನಗರದ ಕಾಲದ ಸಾಯಣರು ಋಗ್ವೇದದ ಸೂರ್ಯಸೂಕ್ತಕ್ಕೆ ಬರೆದ ಭಾಷ್ಯದಲ್ಲಿ ಅರ್ಧ ನಿಮಿಷಕ್ಕೆ (ಇಲ್ಲಿ ನಿಮಿಷವೆಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು) 2,202 ಯೋಜನ ಕ್ರಮಿಸುವ ಸೂರ್ಯನಿಗೆ ನಮಸ್ಕಾರ ಎಂಬ ಮಾತನ್ನು ಉದ್ಧರಿಸಿದ್ದಾರೆ. ಇದು ಬೆಳಕಿನ ವೇಗವೇ ಎಂದು ಹೇಳುವುದನ್ನು ನೀವೂ ಕೇಳಿರಬಹುದು. ಆದರೆ ಯೋಜನ ಎಂದರೆ ಎಷ್ಟು? ಆರ್ಯಭಟ ಭೂಮಿಯ ವ್ಯಾಸವನ್ನು 1,050 ಯೋಜನ ಎಂದಿದ್ದಾನೆ, ಆ ಲೆಕ್ಕದಲ್ಲಿ ಯೋಜನ ಸುಮಾರು 12 ಕಿಲೋಮೀಟರ್. ಎರಡನೆಯ ಭಾಸ್ಕರ ಭೂಮಿಯ ಸುತ್ತಳತೆಯನ್ನು 4,967 ಯೋಜನ ಎಂದಿದ್ದಾನೆ, ಆಗ ಸುಮಾರು 8 ಕಿಲೋಮೀಟರ್. ನಿಮಿಷದ ಅಳತೆಯೂ ಗ್ರಂಥದಿಂದ ಗ್ರಂಥಕ್ಕೆ ಬೇರೆ. ಬೇಕಾದ ಉತ್ತರ ಮೊದಲೇ ಕೈಯಲ್ಲಿದ್ದು, ಅದಕ್ಕೆ ಹೊಂದುವ ಅಳತೆಯನ್ನು ಆಮೇಲೆ ಆರಿಸಿಕೊಂಡರೆ ಅದು ಶೋಧವಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಲೆಮೆತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿಯಾಗಿದ್ದರೂ, ತನ್ನ ಸಿದ್ಧಾಂತವನ್ನು ಬೈಬಲ್ಲಿನ ಸೃಷ್ಟಿಕಥೆಗೆ ಆಧಾರವಾಗಿ ಬಳಸುವುದನ್ನು ಒಪ್ಪಲಿಲ್ಲ.

ವಾದವನ್ನು ಅಲ್ಲಿಗೇ ಬಿಟ್ಟು ಅದರೊಳಗಿನ ಪ್ರಶ್ನೆಯನ್ನು ಎತ್ತಿಕೊಳ್ಳಿ: ಭೂಮಿಯನ್ನು ಸುತ್ತಿ ಬಾರದೆ ಅದರ ಸುತ್ತಳತೆಯನ್ನು ಹೇಗೆ ಕಂಡುಕೊಳ್ಳಬಹುದು? ಶಿವಮೊಗ್ಗದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನಡುಹಗಲಿನ ಅತಿ ಚಿಕ್ಕ ನೆರಳನ್ನು ಅಳೆಯಿರಿ, ಅದೇ ದಿನ ಬೀದರಿನ ಗೆಳೆಯರೊಬ್ಬರು ಅಳೆಯಲಿ. ಎರಡು ನೆರಳುಗಳ ಕೋನಗಳಲ್ಲಿ ಸುಮಾರು ನಾಲ್ಕು ಡಿಗ್ರಿ ವ್ಯತ್ಯಾಸ ಬರುತ್ತದೆ. ನಕ್ಷೆಯಿಂದ ಉತ್ತರ-ದಕ್ಷಿಣದ ದೂರವನ್ನು ತೆಗೆದುಕೊಂಡರೆ ಉಳಿದದ್ದು ತ್ರೈರಾಶಿಕ. ನವೆಂಬರಿನಿಂದ ಫೆಬ್ರವರಿಯವರೆಗೆ ಮಾಡುವುದು ಒಳ್ಳೆಯದು: ಆಕಾಶ ತಿಳಿಯಾಗಿರುತ್ತದೆ, ಎರಡೂ ಊರುಗಳಲ್ಲಿ ನೆರಳು ಉತ್ತರಕ್ಕೇ ಬೀಳುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಶಿವಮೊಗ್ಗದ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಕೋಲಿಗೆ ನೆರಳೇ ಇರುವುದಿಲ್ಲ.

ಹೇಳಿದವರ ಬಳಿಗೆ ಮರಳುವುದು

ಫಲಿತಾಂಶ ಏನೇ ಬಂದಿರಲಿ, ಸಾಲನ್ನು ನಿಮಗೆ ಕೊಟ್ಟವರ ಬಳಿಗೆ ಕೋಷ್ಟಕವನ್ನು ಒಯ್ದು ತೋರಿಸಿ. ಸೋಲಿಸಿದೆನೆಂಬ ದನಿ ಅಲ್ಲಿ ಸಲ್ಲದು. ನಾನು ಅಜ್ಜನ ಡೈರಿಯ ಲೆಕ್ಕವನ್ನು ನೆರೆಮನೆಯ ಹಿರಿಯರ ಮುಂದಿಟ್ಟಾಗ ಅವರು ಕನ್ನಡಕ ಹಾಕಿಕೊಂಡು ಒಂದೊಂದು ವರ್ಷವನ್ನೂ ಬೆರಳಿಟ್ಟು ಓದಿದರು. ಆಮೇಲೆ ಹೇಳಿದರು: “ಆದ್ರೆ ಆರಿದ್ರಾ, ಇಲ್ದಿದ್ರೆ ದರಿದ್ರ ಅಂತಲೂ ಒಂದು ಮಾತಿದೆಯಲ್ಲ ಮಾರಾಯ, ಅದನ್ನು ನೀನು ನೋಡಲೇ ಇಲ್ಲ.”

ಎರಡನೆಯ ಗಾದೆ ಹೇಳುತ್ತಿದ್ದುದು ಮಳೆ ನಿಲ್ಲುವುದಿಲ್ಲ ಎಂದಲ್ಲ. ಬಂದರೆ ಸಮೃದ್ಧಿ, ಬಾರದಿದ್ದರೆ ಬಡತನ ಎಂದು. ಅದನ್ನು ಪರೀಕ್ಷಿಸಲು ಆರಿದ್ರಾದ ಸರಾಸರಿ ಸಾಲದು, ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಆ ಮಳೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ಉಳಿದ ನಕ್ಷತ್ರಗಳ ಏರಿಳಿತದೊಂದಿಗೆ ಹೋಲಿಸಬೇಕು, ಆ ವರ್ಷದ ಭತ್ತದ ಇಳುವರಿಯ ಲೆಕ್ಕವೂ ಬೇಕು. ಡೈರಿಯ ಹಿಂದಿನ ಪುಟಗಳಲ್ಲಿ ಅಜ್ಜ ಗದ್ದೆಯ ಫಸಲನ್ನು ಪಲ್ಲಗಳಲ್ಲಿ ಬರೆದಿದ್ದಾರೆ. ನಾನೀಗ ಅದನ್ನು ನಕಲು ಮಾಡುತ್ತಿದ್ದೇನೆ.